ಗಡುಸು ನೀರಿನ ಊರಿಲಿ ಮೂರು ತಿಂಗಳು

ಪರದೇಶಕ್ಕೆ ಹೋಗಿ ಬಂದವು ಅಲ್ಲಿಯ ಅರಮನೆ, ಹಿಮ, ರೈಲಿನ ಪಟ ತೋರ್ಸುತ್ತವು. ಎನ್ನ ಮೊಬೈಲಿಲಿ ಇಪ್ಪದು ಉಪ್ಪಿನ ಕಟ್ಟು, ಸಾಬೂನಿನ ಹೊಡಿ, ಬೆಣ್ಣೆ ಸುತ್ತಿದ ಕಾಗದದ ಪಟಂಗೊ. ಆನು ಜರ್ಮನಿಗೆ ಹೋದ್ದು ಮಗಳ ಬಾಳಂತನಕ್ಕೆ. ನೋಡಿದ್ದು ಅಡಿಗೆಕೋಣೆ, ಮೀವ ಕೋಣೆ, ಮನೆ ಹತ್ತರಾಣ ಎರಡು ಅಂಗಡಿ. ಹಾಂಗಾಗಿ ಎನಗೆ ಹೇಳ್ಲೆ ಇಪ್ಪದುದೆ ಅದರ ಸಂಗತಿಯೇ. ಒಂದು ಊರಿನ ಗುಣ ಅಲ್ಲಿಯ ಅಡಿಗೆಕೋಣೆಯ ಕಪಾಟಿಲಿ ಗೊಂತಾವ್ತ ಹಾಂಗೆ ಬೇರೆಲ್ಲಿಯೂ ಗೊಂತಾಗ ಹೇಳಿ ಎನ್ನ ಲೆಕ್ಕ.

ಮಗಳು ಇಪ್ಪದು ಮ್ಯೂನಿಕ್ಕಿಲಿ. ನೆಂಟರ ನೋಡ್ಲೆ ಹೋಪವಕ್ಕೆ ಸಿಕ್ಕುವ ವೀಸಲ್ಲಿ 180 ದಿನಲ್ಲಿ 90 ದಿನ ಮಾತ್ರ ನಿಂಬಲಕ್ಕು. ಎನ್ನ ಅಬ್ಬೆ ಎನಗೆ ಐದು ತಿಂಗಳು ಬಾಳಂತನ ಮಾಡಿತ್ತಿದ್ದು. ಎನಗೆ ಸಿಕ್ಕಿದ್ದು ಮೂರೇ ತಿಂಗಳು, ಅದರ್ಲಿಯೂ ಹೆರಿಗೆ ಅಪ್ಪಗ ಹತ್ತು ದಿನ ಕಳುದಿತ್ತು. ಎಂಗಳ ಮನೆಯವಕ್ಕೆ ತೋಟ, ದನ ಬಿಟ್ಟು ಬಪ್ಪಲೆ ಎಡಿಯ. ತೊಂಬತ್ತನೇ ದಿನ ಆನು ವಿಮಾನ ಹತ್ತಿರೆ ಮತ್ತೆ ಆ ಮನೆಲಿ ಮಗಳು, ಅಳಿಯ, ಎರಡೂವರೆ ತಿಂಗಳಿನ ಬಾಬೆ. ಆಚೀಚೆ ಮನೆಲಿ ಅತ್ತೆ ಇಲ್ಲೆ, ಚಿಕ್ಕಮ್ಮ ಇಲ್ಲೆ, ಕೂಗಿದರೆ ಓಡಿ ಬಪ್ಪಲೆ ಆರೂ ಇಲ್ಲೆ. ಹಾಂಗಾಗಿ ಆ ಮನೆಯ ಒಂದೊಂದು ಡಬ್ಬಿ ನೋಡುವಗಳೂ ಎನ್ನ ಮನಸ್ಸಿಲಿ ಒಂದೇ ಪ್ರಶ್ನೆ: ಆನು ಇಲ್ಲದ್ದ ಮೇಲೆ ಇದರ್ಲಿ ಇವು ಸುಧಾರ್ಸುಗೋ?

ಬೇಗು ಕಟ್ಟುವಗಳೇ ಒಂದು ಪಾಠ ಆತು. ಬಾಳಂತಿಗೆ ಹೇಳಿ ಮನೆ ದನದ ತುಪ್ಪ ಎರಡು ಕುಪ್ಪಿ ಕಾಸಿ ಮಡುಗಿತ್ತಿದ್ದೆ. ಯುರೋಪ್ ಒಕ್ಕೂಟದ ದೇಶಂಗೊಕ್ಕೆ ಹೆರಂದ ಹೋಪವು ಹಾಲಿಂದ ಮಾಡಿದ ಸಾಮಾನು, ಮಾಂಸದ ಸಾಮಾನು ಬೇಗಿಲಿ ಕೊಂಡೋಪಲಾಗಡ. ತುಪ್ಪವುದೆ ಹಾಲಿಂದಲೇ ಆದ್ದಲ್ಲದೋ? ಸೊಪ್ಪು, ಹಣ್ಣು ಕೊಂಡೋಯೆಕ್ಕಾರೆ ಗಿಡಕ್ಕೆ ರೋಗ ಇಲ್ಲೆ ಹೇಳ್ತ ಸರ್ಕಾರಿ ಕಾಗದ ಬೇಕು. ಐದು ಹಣ್ಣಿಂಗೆ ಮಾತ್ರ ಆ ಕಾಗದ ಬೇಡ: ಬಾಳೆಹಣ್ಣು, ತೆಂಙಿನಕಾಯಿ, ಅನನಾಸು, ಖರ್ಜೂರ, ಮತ್ತೆ ದುರಿಯನ್ ಹೇಳ್ತ ಒಂದು ಹಣ್ಣು. ತೆಂಙಿನಕಾಯಿ ಅಕ್ಕು, ತುಪ್ಪ ಆಗ, ಬೇನ್ಸೊಪ್ಪು ಆಗ. ಎರಡು ಕುಪ್ಪಿ ತುಪ್ಪ ಊರಿಲೇ ಒಳುದತ್ತು.

ಅಲ್ಲಿಗೆ ಎತ್ತಿದ ಮರದಿನ ತೊಗರಿಬೇಳೆ ಬೇಶಿದೆ. ನಾಲ್ಕು ಸೀಟಿ ಆದರೂ ಬೇಳೆ ಕಾಳು ಕಾಳು. "ಇಲ್ಲಿಯ ಬೇಳೆಯೇ ಹಾಂಗೆ ಅಮ್ಮ" ಹೇಳಿತ್ತು ಮಗಳು. ಆನು ಊರಿಂದ ಕೊಂಡೋದ ಬೇಳೆಯ ಬೇಶಿ ನೋಡಿದೆ, ಅದುದೆ ಹಾಂಗೇ. ಅಂಬಗ ಬೇಳೆಯ ದೋಷ ಅಲ್ಲ, ನೀರಿನ ಗುಣ.

ಮ್ಯೂನಿಕ್ಕಿಂಗೆ ಹೆಚ್ಚಿನ ನೀರು ಬಪ್ಪದು ಆಲ್ಪ್ಸ್ ಗುಡ್ಡೆಯ ಬುಡಲ್ಲಿಪ್ಪ ಮಾಂಗ್‌ಫಾಲ್ ಹೇಳ್ತ ಹೊಳೆಯ ಕಣಿವೆಂದ. ಸುಣ್ಣಕಲ್ಲಿನ ಎಡೆಲಿ ಇಳುದು ಬಪ್ಪ ನೀರು ಸುಣ್ಣದ ಅಂಶವ ಕರಗ್ಸಿಗೊಂಡೇ ಬತ್ತು. ಕುಡಿವಲೆ ಲಾಯಿಕ, ನಳ್ಳಿಂದಲೇ ಹಿಡುದು ಕುಡಿವಲಕ್ಕು. ಆದರೆ ಬೇಳೆ ಬೇಶುಲೆ ಆಗ. ಬೇಳೆಯ ಚೋಲಿಲಿಯೂ ಒಳವೂ ಇಪ್ಪ ಅಂಟಿನ ಅಂಶಕ್ಕೆ ಈ ಸುಣ್ಣ ಹಿಡುದರೆ ಅದು ಗಟ್ಟಿ ಆವ್ತು, ಮೆದು ಅಪ್ಪಲೆ ಬಿಡ್ತಿಲ್ಲೆ. ಜರ್ಮನಿಲಿ ನೀರಿನ ಗಡುಸಿನ ಡಿಗ್ರಿಲಿ ಅಳೆತ್ತವು. 8.4ರಿಂದ ಕಮ್ಮಿ ಇದ್ದರೆ ಮೆದು ನೀರು, 14ರಿಂದ ಹೆಚ್ಚು ಇದ್ದರೆ ಗಡುಸು. ಮ್ಯೂನಿಕ್ಕಿನ ನೀರು ಗಡುಸಿನ ಲೆಕ್ಕಕ್ಕೇ ಸೇರ್ತು.

ನಮ್ಮದು ಮುರಕಲ್ಲಿನ ಊರು. ಬಾವಿ ನೀರು ಎಷ್ಟು ಮೆದು ಹೇಳಿರೆ ಕೈಗೆ ಸಾಬೂನು ಹಾಕಿರೆ ಎಷ್ಟು ತೊಳದರೂ ಜಾರುದು ಹೋವ್ತಿಲ್ಲೆ. ಅಲ್ಲಿ ಅದೇ ಸಾಬೂನು ನೊರೆಯೇ ಬತ್ತಿಲ್ಲೆ, ಮೈಗೆ ಬೆಳಿ ಪೊರೆಯ ಹಾಂಗೆ ಹಿಡಿತ್ತು. ಚಾಯ ಮಾಡಿರೆ ಮೇಲೆ ಎಣ್ಣೆ ಬಿದ್ದ ಹಾಂಗೆ ಒಂದು ತೆಳು ಪದರ. ನೀರು ಕಾಸುವ ಕೆಟ್ಲಿನ ತಳಲ್ಲಿ ವಾರಲ್ಲಿ ಬೆಳಿ ಹಕ್ಕಳೆ. ಅದರ ತೆಗವಲೆ ಅಂಗಡಿಲಿ ವಿನೆಗರಿನ ಸತ್ವ ಹೇಳಿ ಒಂದು ಕುಪ್ಪಿ ಸಿಕ್ಕುತ್ತು. ನಾವು ಉಪ್ಪಿನಕಾಯಿಗೆ ಹಾಕುವ ವಿನೆಗರಿಲಿ ಹುಳಿಯ ಅಂಶ ನೂರಕ್ಕೆ ಐದು ಇಕ್ಕು, ಇದರ್ಲಿ ಇಪ್ಪತ್ತೈದು. ನೀರು ಬೆರ್ಸದ್ದೆ ಬಾಯಿಗೆ ಹಾಕಲಾಗ. ನೋಡ್ಲೆ ಎರಡೂ ಒಂದೇ ನಮುನೆ, ನೀರಿನ ಹಾಂಗೆ.

ಬೇಳೆಗೆ ಎಂಗೊ ಒಂದು ದಾರಿ ಕಂಡುಗೊಂಡೆಯೊ°. ಎರಡು ಗಂಟೆ ಬೆಶಿನೀರಿಲಿ ನೆನೆ ಹಾಕುದು, ಬೇಶುವಗ ಒಂದು ಚಿಟಿಕೆ ಸೋಡ ಹಾಕುದು, ಉಪ್ಪು ಹುಳಿ ಎಲ್ಲ ಬೆಂದ ಮೇಲೆಯೇ. ನಾಟ್ರೋನ್ ಹೇಳಿ ಸಣ್ಣ ಸಣ್ಣ ಪೆಕೆಟಿಲಿ ಸೋಡ ಸಿಕ್ಕುತ್ತು. ಅದರ ಮೇಲೆ ಕನ್ನಡಲ್ಲಿ "ಬೇಳೆಗೆ, ಒಂದು ಚಿಟಿಕೆ" ಹೇಳಿ ಬರದು ಅಂಟ್ಸಿದೆ. ಅದು ಸುರು.

ಮತ್ತೆ ಉಪ್ಪು. ಕಪಾಟಿಲಿ ಎರಡು ಉಪ್ಪಿನ ಕಟ್ಟು ಇತ್ತು. ಒಂದು ಅಡಿಗೆದು, ಅಯೊಡೀನ್ ಹಾಕಿದ್ದು. ಇನ್ನೊಂದು ಹರಳು ಹರಳಾಗಿ ನಮ್ಮ ಕಲ್ಲುಪ್ಪಿನ ಹಾಂಗೇ ಚೆಂದಕ್ಕೆ ಇತ್ತು. ಎನಗೆ ಕಲ್ಲುಪ್ಪು ಕಂಡ ಹಾಂಗೆ ಕೊಶಿ ಆತು, ಆದರೆ ಅದು ಪಾತ್ರೆ ತೊಳವ ಮಿಶನಿಂಗೆ ಹಾಕುವ ಉಪ್ಪಡ. ಮಿಶನಿನ ಒಳ ನೀರಿನ ಮೆದು ಮಾಡ್ತ ಒಂದು ಭಾಗ ಇರ್ತು, ಅದಕ್ಕೆ ಉಪ್ಪು ಬೇಕು. ತಿಂಬಲೆ ಹೇಳಿ ಮಾಡಿದ್ದಲ್ಲ ಅದು. ಹಾಂಗೆ ಅದಕ್ಕೊಂದು ಚೀಟಿ: "ಮಿಶನಿಂಗೆ. ತಿಂಬಲಾಗ." ಆ ಕಟ್ಟಿನ ಅಡಿಗೆ ಕಪಾಟಿಂದ ತೆಗದು ಸಿಂಕಿನ ಅಡಿಲಿ ಮಡುಗ್ಸಿದೆ.

ಬಾಳಂತಿಯ ಮೀಶುದು ಹೇಂಗೆ ಹೇಳುದು ದೊಡ್ಡ ತಲೆಬೆಶಿ ಆತು. ನಮ್ಮ ಬೆಶಿನೀರ ಕೊಟ್ಟಗೆಲಿ ಹಂಡೆ ತುಂಬ ನೀರು ಕಾಸಿ, ಚೆಂಬಿಲಿ ಮೊಗದು ಮೊಗದು ಎರವದು. ಅಲ್ಲಿ ಮೀವ ಕೋಣೆಯ ನೆಲಲ್ಲಿ ನೀರು ಹೋಪಲೆ ಒಟ್ಟೆಯೇ ಇಲ್ಲೆ! ನೆಲಕ್ಕೆ ನೀರು ಬಿದ್ದರೆ ಅಲ್ಲೇ ನಿಲ್ಲುತ್ತು, ಕೆಳಾಣ ಮನೆಯವರ ಮಾಡಿಂಗೆ ಇಳಿಗು. ನೀರು ಎಂತಿದ್ದರೂ ಟಬ್ಬಿನ ಒಳವೇ. ಪಾಯಿಖಾನೆಲಿಯೂ ಚೆಂಬು ಇಲ್ಲೆ, ಕಾಗದ. ಅಲ್ಲಿಯ ನಮ್ಮವು ಅದಕ್ಕೆ ಹೂಗಿನ ಗಿಡಕ್ಕೆ ನೀರು ಹಾಕುವ ಸಣ್ಣ ಪ್ಲಾಸ್ಟಿಕ್ ಕೊಡಪಾನವ ಮಡಿಕ್ಕೊಂಬದು. ಗಿಡ ಒಂದುದೆ ಇಲ್ಲದ್ದ ಮನೆಲಿಯೂ ಗಿಡದ ಕೊಡಪಾನ ಇದ್ದರೆ ಅದು ಭಾರತದವರ ಮನೆ ಹೇಳಿ ತಿಳ್ಕೊಂಬಲಕ್ಕು. ಎಂಗೊ ಟಬ್ಬಿನ ಒಳ ಒಂದು ಸಣ್ಣ ಮಣೆ ಮಡುಗಿ, ಮಗಳ ಅದರ ಮೇಲೆ ಕೂರ್ಸಿ, ಬಾಲ್ದಿಲಿ ನೀರು ತುಂಬ್ಸಿ ಎರದೆಯೊ°. ಎಣ್ಣೆ ಕಾಲಿಂದ ಟಬ್ಬು ಜಾರದ್ದ ಹಾಂಗೆ ಅಡಿಲಿ ರಬ್ಬರಿನ ಚಾಪೆ. ಹಂಡೆ ನೀರಿನ ಬೆಶಿ ಅದಕ್ಕಿಲ್ಲೆ. ಆದರೂ ಮೀದು ಬಂದು ತಲೆಗೆ ವಸ್ತ್ರ ಕಟ್ಟಿಗೊಂಡು ಮನುಗಿದ ಮಗಳ ಮೋರೆ ನೋಡುವಗ, ಇಷ್ಟು ಸಾಕು ಹೇಳಿ ಕಂಡತ್ತು.

ತೆಂಙಿನೆಣ್ಣೆ ಅಲ್ಲಿ ಚಳಿಗೆ ಕಲ್ಲಾಗಿರ್ತು, ಚಮಚಲ್ಲಿ ಗರಸಿ ತೆಗೆಯೆಕ್ಕು. ಅಂಗಡಿಲಿ ಎರಡು ನಮುನೆದು ಇದ್ದು. 'ನಾಟೀವ್' ಹೇಳಿ ಬರದ್ದದರ್ಲಿ ಪರಿಮ್ಮಳ ಇದ್ದು. ಇನ್ನೊಂದರ ಪರಿಮ್ಮಳ ಪೂರ ತೆಗದ್ದವು. ತೆಂಙಿನ ಪರಿಮ್ಮಳ ಇಲ್ಲದ್ದ ತೆಂಙಿನೆಣ್ಣೆಯ ಆರು ಮಾಡಿದವು, ಎಂತಕೆ ಮಾಡಿದವು ಹೇಳಿ ಎನಗೆ ನೆಗೆ ಬಂತು.

ಅರುಶಿನ ಹಾಕಿದ ಎಣ್ಣೆಯ ಕಲೆ ವಸ್ತ್ರಂಗೊಕ್ಕೆ ಹಿಡುದತ್ತು. ಸಾಬೂನಿನ ನೀರಿಂಗೆ ಹಾಕಿದ ಕೂಡ್ಳೆ ಅರಶಿನ ಹೋಗಿ ಕೆಂಪಾತು. ಮಗಳು ನೆತ್ತರು ಹೇಳಿ ಹೆದರಿತ್ತು. ಕ್ಷಾರ ತಾಗಿರೆ ಅರುಶಿನ ಕೆಂಪಪ್ಪದು, ದೇವರ ಆರತಿಗೆ ಸುಣ್ಣ ಅರುಶಿನ ಕಲಸುವಗ ನಾವು ನೋಡ್ತಿಲ್ಲೆಯೋ, ಅದೇ ಇದು. ಊರಿಲಿ ಆದರೆ ಜಾಲಿಲಿ ಬೆಶಿಲಿಂಗೆ ಹಾಕಿರೆ ಹೊತ್ತೋಪಗ ಕಲೆ ಕಾಣ. ಅರುಶಿನದ ಬಣ್ಣ ಬೆಶಿಲಿಂಗೆ ನಿಲ್ಲುತ್ತಿಲ್ಲೆ. ಮ್ಯೂನಿಕ್ಕಿಲಿ ದಶಂಬರಲ್ಲಿ ಬೆಶಿಲು ಎಲ್ಲಿದ್ದು? ಹೊತ್ತೋಪಗ ನಾಲ್ಕೂವರೆ ಆಯೆಕ್ಕಾರೇ ಸೂರ್ಯ ಮುಳುಗುತ್ತ. ಬೆಶಿಲಿನ ಕೆಲಸವ ಅಲ್ಲಿ ಸಾಬೂನಿನ ಹೊಡಿ ಮಾಡೆಕ್ಕು. ಹೊಡಿಲಿ ಎರಡು ಜಾತಿ: ಬೆಳಿ ವಸ್ತ್ರದ್ದರ್ಲಿ ಕಲೆ ಬೆಳಿ ಮಾಡ್ತ ಮದ್ದು ಇದ್ದು, ಬಣ್ಣದ ವಸ್ತ್ರದ್ದರ್ಲಿ ಇಲ್ಲೆ. ಬಾಬೆಯ ಬೆಳಿ ವಸ್ತ್ರವ ಮದಲಾಣದ್ದರ್ಲಿ 60 ಡಿಗ್ರಿಲಿ ತೊಳದರೆ ಕಲೆ ಹೆಚ್ಚಿನದ್ದೂ ಹೋವ್ತು. ಹೊಡಿ ಎಷ್ಟು ಹಾಕೆಕ್ಕು ಹೇಳುದುದೆ ನೀರು ಮೆದುವೋ ಗಡುಸೋ ನೋಡಿ. ಡಬ್ಬಿಯ ಹಿಂದೆ ಒಂದು ಕೋಷ್ಟಕವೇ ಇರ್ತು.

ಬಾಬೆಯ ವಸ್ತ್ರ ಹೇಳಿಯಪ್ಪಗ ಒಂದು ಕೊಶಿಯ ಸಂಗತಿ. ಆನು ಊರಿಂದ ಹಳೆ ವೇಷ್ಟಿಯ ತುಂಡುಗಳ ತೊಳದು ಒಣಗ್ಸಿ ಕೊಂಡೋಗಿತ್ತಿದ್ದೆ. ಅಂಗಡಿಗೆ ಹೋದರೆ ಅಲ್ಲಿಯೂ ಅದೇ! ತೆಳು ಹತ್ತಿಯ ಚೌಕದ ವಸ್ತ್ರ, 'ಮುಲ್' ಹೇಳಿ ಹೆಸರು. ಬಾಬೆಯ ಬಾಯಿ ಉದ್ದುಲೆ, ಹೊದೆಶುಲೆ, ಅಡಿಗೆ ಹಾಕುಲೆ ಎಲ್ಲದಕ್ಕೂ ಅವಕ್ಕೆ ಅದುವೇ. ಅಳಿಯ ಪುಸ್ತಕ ನೋಡಿ ಹೇಳಿದವು, "ಅತ್ತೆ, ಈ ಶಬ್ದ ನಮ್ಮ ಮಲ್‌ಮಲ್‌ಂದಲೇ ಬಂದದಡ. ಇಂಗ್ಲಿಷಿಂಗೆ ಹೋಗಿ, ಅಲ್ಲಿಂದ ಜರ್ಮನಿಗೆ." ವಸ್ತ್ರ ನಮ್ಮದು, ಹೆಸರುದೆ ನಮ್ಮದು. ಎನ್ನ ತುಂಡುಗಳನ್ನೂ ಅವರ ಚೌಕಂಗಳನ್ನೂ ಒಂದೇ ಅಟ್ಟಿ ಮಾಡಿ ಮಡುಗಿದೆ.

ಅಲ್ಲಿ ಹೆರಿಗೆ ಆದ ಮೇಲೆ ಸೂಲಗಿತ್ತಿ ಮನಗೇ ಬತ್ತವು. 'ಹೇಬಾಮೆ' ಹೇಳಿ ಹೆಸರು. ಸುರುವಾಣ ಹತ್ತು ದಿನ ದಿನಾಗಳೂ ಬಪ್ಪಲಕ್ಕು, ಮತ್ತೆ ಬೇಕಾದ ಹಾಂಗೆ ಹನ್ನೆರಡು ವಾರದ ವರೆಗೆ. ಪೈಸೆ ಆರೋಗ್ಯ ವಿಮೆಂದ ಹೋವ್ತು. ಮಗಳ ಹೊಟ್ಟೆ ಮುಟ್ಟಿ ನೋಡಿದವು, ಬಾಬೆಯ ಹೊಕ್ಕುಳು ನೋಡಿದವು, ತೂಕ ಮಾಡಿದವು. ಬಾಬೆಯ ವಾರಕ್ಕೆ ಎರಡು ಸರ್ತಿ ಮೀಶಿರೆ ಸಾಕು, ಸಾಬೂನು ಬೇಡ ಹೇಳಿದವು. ಎನಗೆ ಹೊಟ್ಟೆಯ ಒಳ ಚುಳುಕ್ ಹೇಳಿತ್ತು. ನಾವು ದಿನಾಗಳೂ ಎಣ್ಣೆ ಕಿಟ್ಟಿ ಮೀಶುದು, ಮಗಳನ್ನೂ ಹಾಂಗೇ ಬೆಳೆಶಿದ್ದಲ್ಲದೋ?

ಮಗಳ ಹತ್ತರೆ ಕೇಳ್ಸಿದೆ, "ಎಂತಕೆ ಹಾಂಗೆ?" ಅವು ಕೋಪ ಮಾಡಿದ್ದವಿಲ್ಲೆ. ಬಾಬೆಯ ಕಾಲಿನ ಚೋಲಿಯ ಎನ್ನ ಬೆರಳಿಲೇ ಮುಟ್ಟಿ ನೋಡ್ಸಿದವು, ಒರಟಾಗಿ ಒಡದ ಹಾಂಗೆ ಇತ್ತು. ಚಳಿಗಾಲಲ್ಲಿ ಮನೆಯ ಒಳ ಹೀಟರಿನ ಒಣ ಗಾಳಿ, ಅದರ ಮೇಲೆ ಸುಣ್ಣದ ನೀರು, ದಿನಾ ಮೀಶಿರೆ ಚೋಲಿ ಇನ್ನೂ ಒಣಗುಗು ಹೇಳಿದವು. ಎಣ್ಣೆ ಕಿಟ್ಟುಲಕ್ಕೋ ಕೇಳಿದೆ. "ಧಾರಾಳ, ದಿನಾಗಳೂ ಮಾಡಿ" ಹೇಳಿದವು. ಎನ್ನ ಕೈ ನೋಡಿ, ಆನು ಕಿಟ್ಟುವ ಕ್ರಮ ನೋಡಿ, ಒಂದರಿ ಮಗಳತ್ರೆ ಎಂತದೋ ಹೇಳಿದವು. "ನಿನ್ನ ಕೈ ಅವಕ್ಕೆ ಮೆಚ್ಚಿತ್ತಡ ಅಮ್ಮ" ಹೇಳಿತ್ತು ಮಗಳು. ಜೇನು ಒಂದು ವರ್ಷದ ವರೆಗೆ ನಾಲಗೆಗೂ ತೋರ್ಸೆಡಿ ಹೇಳಿಯೂ ಹೇಳಿದವು, ಅದರ್ಲಿಪ್ಪ ಒಂದು ಕ್ರಿಮಿ ಸಣ್ಣ ಮಕ್ಕಳ ಹೊಟ್ಟೆಲಿ ವಿಷ ಮಾಡುಗು. ನಮ್ಮ ಊರ ಡಾಕ್ಟ್ರುದೆ ಈಗ ಹಾಂಗೇ ಹೇಳ್ತವು. ಎನಗೆ ಸಮಾಧಾನ ಆತು. ಎನ್ನ ನೀರಿಲಿ ಎನ್ನ ಕ್ರಮ ಸರಿ, ಅವರ ನೀರಿಲಿ ಅವರದ್ದು ಸರಿ. ಆದರೆ ಒಂದು ಲೆಕ್ಕ ಮನಸ್ಸಿಲಿ ಕೊರವಲೆ ಸುರು ಆತು. ಅವರ ಹನ್ನೆರಡು ವಾರವುದೆ ಎನ್ನ ತೊಂಬತ್ತು ದಿನವುದೆ ಹೆಚ್ಚುಕಮ್ಮಿ ಒಂದೇ ವಾರಲ್ಲಿ ಮುಗಿವದು.

ಹಾಂಗೆ ಚೀಟಿ ಬರವದರ ಜೋರು ಮಾಡಿದೆ.

ಗೋಧಿ ಹೊಡಿಗೆ ಅಲ್ಲಿ ನಂಬ್ರ: 405, 550, 1050. ನೂರು ಗ್ರಾಂ ಹೊಡಿಯ ಹೊತ್ಸಿರೆ ಎಷ್ಟು ಮಿಲಿಗ್ರಾಂ ಬೂದಿ ಒಳಿತ್ತು ಹೇಳುದೇ ಆ ನಂಬ್ರ. ನಂಬ್ರ ಹೆಚ್ಚಾದ ಹಾಂಗೆ ತೌಡು ಹೆಚ್ಚು. 405 ನಮ್ಮ ಮೈದದ ಹಾಂಗೆ. ಚೀಟಿ: "1050 ಚಪಾತಿಗೆ." ಜೀರಿಗೆಲಿಯೂ ಎರಡು. 'ಕ್ಯುಮ್ಮೆಲ್' ಹೇಳಿರೆ ನೋಡ್ಲೆ ಜೀರಿಗೆಯೇ, ಆದರೆ ಪರಿಮ್ಮಳ ಬೇರೆ, ಅವು ರೊಟ್ಟಿಗೆ ಹಾಕುದು. ನಮ್ಮ ಜೀರಿಗೆಗೆ 'ಕ್ರೊಯ್ಟ್ಸ್‌ಕ್ಯುಮ್ಮೆಲ್' ಹೇಳಿ ಹೆಸರು. ಚೀಟಿ: "ಸಾರಿಂಗೆ, ಕಷಾಯಕ್ಕೆ ಇದುವೇ."

ತುಪ್ಪದ ದಾರಿಯೂ ಸಿಕ್ಕಿತ್ತು. ಅಲ್ಲಿಯ ಹಾಲಿಲಿ ಕೆನೆ ಕಟ್ಟುತ್ತಿಲ್ಲೆ, ಕೊಬ್ಬಿನ ಹೊಡಿ ಹೊಡಿ ಮಾಡಿ ಹಾಲಿಲೇ ಬೆರ್ಸಿರ್ತವು. ಆದರೆ ಬೆಣ್ಣೆಲಿ ಸೀವು ಕೆನೆದು, ಹುಳಿ ಕೆನೆದು ಹೇಳಿ ಎರಡು ಇದ್ದು, 250 ಗ್ರಾಮಿನ ಕಟ್ಟು. ಹುಳಿ ಕೆನೆಯ ಬೆಣ್ಣೆ ಹೇಳಿರೆ ನಾವು ಮಸರು ಕಡದು ತೆಗವದರ ತಂಗೆಯ ಹಾಂಗೆ. ಅದರ ಕಾಸಿದೆ. ಬಣ್ಣ ತಿರುಗುವಗ ಮನೆ ತುಂಬ ಊರಿನ ಪರಿಮ್ಮಳ. ಮಗಳು ಒಳಂದಲೇ "ಅಮ್ಮಾ, ತುಪ್ಪವಾ?" ಹೇಳಿ ಕೇಳಿತ್ತು. ಅದರಷ್ಟು ಕೊಶಿ ಎನಗೆ ಅಲ್ಲಿ ಬೇರೆ ಯಾವುದರ್ಲಿಯೂ ಆಯಿದಿಲ್ಲೆ. ಆ ಬೆಣ್ಣೆಯ ಕಾಗದವ ಕತ್ತರ್ಸಿ ಪುಸ್ತಕಕ್ಕೆ ಅಂಟ್ಸಿದೆ, ಅಳಿಯಂಗೆ ಅಂಗಡಿಲಿ ತಪ್ಪದ್ದ ಹಾಂಗೆ.

ಪೆಕೆಟು ಓದುಲೆ ಮಗಳು ಎನಗೆ ಕಲಿಶಿತ್ತು. ನಮ್ಮಲ್ಲಿ ಹಸುರು ಬೊಟ್ಟು ನೋಡಿರೆ ಮುಗುತ್ತು. ಅಲ್ಲಿ ಹಾಂಗೆ ಕಡ್ಡಾಯದ ಗುರ್ತ ಇಲ್ಲೆ. ಕೆಲವು ಮೊಸರಿನ ಡಬ್ಬಿಲಿ ಜೆಲಾಟಿನ್ ಇಕ್ಕು, ಚೀಸಿಲಿ ಕರುವಿನ ಹೊಟ್ಟೆಂದ ತೆಗದ ಹೆಪ್ಪು ಇಕ್ಕು, ಸಾಬೂನಿಲಿ ಪ್ರಾಣಿಯ ಕೊಬ್ಬು ಇಕ್ಕು. ಬರದ್ದರ ಓದಿಯೇ ತಿಳ್ಕೊಳೆಕ್ಕು. ಅಲರ್ಜಿ ಅಪ್ಪ 14 ವಸ್ತುಗಳ ದಪ್ಪ ಅಕ್ಷರಲ್ಲೋ, ಬೇರೆ ನಮುನೆಲೋ ಎದ್ದು ಕಾಂಬ ಹಾಂಗೆ ಬರೆಯೆಕ್ಕು ಹೇಳಿ ಅಲ್ಲಿ ಕಾನೂನು. ಅದರ್ಲಿ ಗೋಧಿ, ಹಾಲು, ನೆಲಕಡ್ಲೆ ಇಪ್ಪದು ಸರಿ, ಸಾಸಮೆ, ಎಳ್ಳು ಸಾ ಇದ್ದು! ನಮ್ಮ ಒಗ್ಗರಣೆಯ ಸಾಸಮೆ ಅಲ್ಲಿ ಎಚ್ಚರಿಕೆಯ ಸಾಮಾನು.

ಕಡೆಯ ವಾರ ಆನು ಅಡಿಗೆಕೋಣೆಗೆ ಹೋಯಿದಿಲ್ಲೆ. ಬಾಬೆಯ ತೊಡೆಲಿ ಮಡಿಕ್ಕೊಂಡು ಹೆರ ಕೂದೆ. ಅಳಿಯ ಒಳ ಚೀಟಿ ಓದಿ ಓದಿ ಅಡಿಗೆ ಮಾಡಿದವು. ಎರಡು ಸರ್ತಿ ಬೇಳೆ ಬೆಂದಿದಿಲ್ಲೆ, ಮೂರನೇ ದಿನ ಬೆಂತು. ಮಗಳು ಬಾಬೆಗೆ ಎಣ್ಣೆ ಕಿಟ್ಟುವಗ ಎನ್ನ ಕೈ ಸುಮ್ಮನೆ ಇರ, ಎರಡೂ ಕೈಯ ಸೆರಗಿನ ಒಳ ಮಡಿಕ್ಕೊಂಡು ನೋಡಿಗೊಂಡು ಕೂದೆ. ಕಲಿಶುದಕ್ಕಿಂತ ಕಲಿತ್ತವರ ನೋಡಿಗೊಂಡು ಸುಮ್ಮನೆ ಕೂಪದು ಕಷ್ಟ.

ಮಗಳ ಬಾಳಂತನಕ್ಕೆ ಹೀಂಗೆ ಹೋಪ ಅಬ್ಬೆಕ್ಕೊಗೆ ಎರಡು ಮಾತು ಹೇಳ್ತೆ. ಮಿಕ್ಸಿ ಕೊಂಡೋಪಲಕ್ಕು, ಜರ್ಮನಿಲಿಯೂ ಕರೆಂಟು ನಮ್ಮ ಹಾಂಗೇ 230 ವೋಲ್ಟು, ಪಿನ್ನು ಮಾತ್ರ ಬೇರೆ. ಬೇಗಿಲಿ ಸಾಮಾನು ಕಮ್ಮಿ ಮಾಡಿ, ಒಂದು ಬರೆವ ಪುಸ್ತಕ, ಅಂಟು, ಕತ್ತರಿ ಮಡಿಕ್ಕೊಳಿ. ನಾವು ಕೊಂಡೋದ ಸಾಮಾನು ಎರಡು ತಿಂಗಳಿಲಿ ಮುಗಿಗು. ಅಲ್ಲಿಯ ಕಪಾಟಿಲಿ ನಮ್ಮ ಕೆಲಸಕ್ಕೆ ಬಪ್ಪದು ಯಾವುದು ಹೇಳಿ ಹುಡ್ಕಿ ಕೊಟ್ಟರೆ ಅದು ಒಳಿಗು.

ಆನು ಬಂದು ಎರಡು ತಿಂಗಳು ಕಳುದಪ್ಪಗ ಮಗಳಿಂಗೆ ಜ್ವರ ಬಂತಡ. ಅಳಿಯ ಹೆಜ್ಜೆ ಮಾಡಿ, ಜೀರಿಗೆ ಕಷಾಯ ಕಾಸಿ ಕೊಟ್ಟವು, ಬಾಬೆಗೆ ಎಣ್ಣೆ ಕಿಟ್ಟಿ ಮೀಶಿದವು. ಎನಗೆ ಫೋನು ಮಾಡಿದ್ದು ಜ್ವರ ಬಿಟ್ಟು ಮೂರನೇ ದಿನ. "ನೀನು ಸುಮ್ಮನೆ ತಲೆಬೆಶಿ ಮಾಡುಗು ಹೇಳಿ ಹೇಳಿದ್ದಿಲ್ಲೆ ಅಮ್ಮ. ಎಲ್ಲ ಚೀಟಿಲಿ ಇತ್ತನ್ನೆ." ಕೊಶಿ ಆತು. ರಜ್ಜ ಬೇಜಾರವೂ ಆತು. ಬೇಜಾರ ಎಂತಕೆ ಹೇಳಿ ಮಕ್ಕಳ ದೂರ ಕಳಿಸಿದವಕ್ಕೆ ಆನು ಬಿಡ್ಸಿ ಹೇಳೆಕ್ಕು ಹೇಳಿ ಇಲ್ಲೆ.